ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್: ಅಸಲಿ ಭಾಗವನ್ನು ಗುರುತಿಸುವ ವಿಜ್ಞಾನ

ಹಳೆಯ ಸ್ಪೋರ್ಟ್ಸ್ ಕಾರೊಂದರ ಅಸಲಿತನವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಮೈಕಟ್ಟಿನ ತಗಡುಗಳನ್ನು ಮೊದಲು ನೋಡುತ್ತಾರೆ. ಗಾಲಿಗಳಿಗೂ ಚಾಸಿಗೂ ನಡುವೆ ನಿಂತು ರಸ್ತೆಯ ಹೊಡೆತವನ್ನು ತಾಳಿಕೊಳ್ಳುವ ಸ್ಪ್ರಿಂಗು, ತೋಳು, ಬುಷ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಸಮೂಹವಾದ ಸಸ್ಪೆನ್ಷನ್ ಬಹುಮಟ್ಟಿಗೆ ಕೊನೆಯ ಸರದಿಗೆ ಉಳಿಯುತ್ತದೆ. ಭಾರತದ ಕಾನೂನಿನ ಒಲವೂ ಹೀಗೆಯೇ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯಂತೆ 50 ವರ್ಷ ಮೀರಿದ, ಮೂಲ ರೂಪದಲ್ಲಿ ಕಾಪಾಡಿಕೊಂಡು ಬಂದ, ಚಾಸಿ, ಮೈಕಟ್ಟು ಅಥವಾ ಎಂಜಿನ್ ಬದಲಾಗದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಆ ಪಟ್ಟಿಯಲ್ಲಿ ಸಸ್ಪೆನ್ಷನ್ ಪ್ರತ್ಯೇಕವಾಗಿ ಹೆಸರಿಸಲ್ಪಟ್ಟಿಲ್ಲ. ಆದರೆ ಕಾರು ತಿರುವಿನಲ್ಲಿ ಹೇಗೆ ವಾಲುತ್ತದೆ, ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಚಾಲಕನ ಕೈಗೆ ರಸ್ತೆಯ ಯಾವ ಸುದ್ದಿಯನ್ನು ತಲುಪಿಸುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಭಾಗಗಳೇ ಆದ್ದರಿಂದ, ಇವು ಹುಸಿಯಾದರೆ ಕಾರು ಹೊರನೋಟಕ್ಕೆ ಅಸಲಿಯಾಗಿದ್ದರೂ ಓಟದಲ್ಲಿ ಬೇರೆಯದೇ ಕಾರಾಗಿರುತ್ತದೆ.

ತೊಡಕು ಇರುವುದು ಇವುಗಳ ಸ್ವಭಾವದಲ್ಲೇ. ಸಸ್ಪೆನ್ಷನ್ ಭಾಗಗಳು ಸವೆಯಲೆಂದೇ ತಯಾರಾದವು; ಬದಲಿಸುವುದೇ ಅವುಗಳ ಸಹಜ ವಿಧಿ. ಹೀಗಾಗಿ ಭಾಗದ ಮೇಲೆ ಒತ್ತಿದ ಸಂಖ್ಯೆಯೊಂದನ್ನೇ ನಂಬುವುದು ಅಪಾಯಕರ, ಏಕೆಂದರೆ ಸಂಖ್ಯೆಯನ್ನು ಮತ್ತೆ ಒತ್ತಬಹುದು. ವಸ್ತು ಹೇಗೆ ತಯಾರಾಯಿತು ಎಂಬುದರ ಗುರುತುಗಳನ್ನು ಮರೆಮಾಚುವುದು ಅದಕ್ಕಿಂತ ಬಹಳ ಕಷ್ಟ. ಆ ಗುರುತುಗಳನ್ನು ಓದಲು ಲೋಹವಿಜ್ಞಾನದ ಕೆಲವು ಸರಳ ತತ್ವಗಳು ಸಾಕು.

ಭಾರತದ ಮಟ್ಟಿಗೆ ಈ ವಿಷಯಕ್ಕೆ ಅತ್ಯುತ್ತಮ ಉದಾಹರಣೆ ಒದಗಿಸುವುದು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಸಾಧಾರಣ ಸಂಸಾರಿ ಕಾರು. ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್ ಅನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ ಇಲ್ಲಿಯೇ ತಯಾರಿಸತೊಡಗಿತು. ಇದೇ ಹೆರಾಲ್ಡಿನ ಚಾಸಿ ಮತ್ತು ಸಸ್ಪೆನ್ಷನ್ ತಳಹದಿಯ ಮೇಲೆ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ತೆರೆದ ಸ್ಪೋರ್ಟ್ಸ್ ಕಾರು ಮೂಡಿತು. ಆಲ್ಫರ್ಡ್ ಅಂಡ್ ಆಲ್ಡರ್ ಕಂಪನಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಈ ತಳಹದಿಯ ಮುಂಗಾಲಿಯ ಲಂಬ ಕೊಂಡಿಯನ್ನು ಲೋಟಸ್ ಕಾರುಗಳೂ ಹಲವು ರೇಸಿಂಗ್ ಕಾರುಗಳೂ ಬಳಸಿಕೊಂಡವು. ಅಂದರೆ ಇಂಗ್ಲೆಂಡಿನ ಓಟದ ಕಾರಿನ ಗಾಲಿಯನ್ನು ಹಿಡಿದಿದ್ದ ತುಂಡಿನ ಸೋದರ ತುಂಡು ನಮ್ಮ ಊರುಗಳಲ್ಲಿ ಓಡಾಡಿದ ಹೆರಾಲ್ಡ್‌ನಲ್ಲಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹೆರಾಲ್ಡ್ ಭಾಗವೊಂದು ಸಿಕ್ಕಾಗ ಅದನ್ನು ತುಚ್ಛವಾಗಿ ಕಾಣಬಾರದೆನ್ನುವುದಕ್ಕೆ ಇಷ್ಟು ಕಾರಣ ಸಾಕು.

ಆ ಲಂಬ ಕೊಂಡಿಯ ಕೆಳತುದಿ ದಾರ ಕೊರೆದ ಸ್ಕ್ರೂವಿನಂತಿದ್ದು, ಕಂಚಿನ ಜಾತಿಯ ಮಿಶ್ರಲೋಹದ ಟ್ರನಿಯನ್ ಎಂಬ ತಿರುಗುಗೂಡಿನೊಳಗೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಕೊಂಡಿ ಆ ದಾರದಲ್ಲಿ ತಿರುಗುತ್ತದೆ. ಎಡಗಾಲಿ ಮತ್ತು ಬಲಗಾಲಿಯ ಜೋಡಿಗಳ ದಾರದ ದಿಕ್ಕು ಪರಸ್ಪರ ವಿರುದ್ಧವಾಗಿರುವುದರಿಂದ ಒಂದರ ಬದಲು ಇನ್ನೊಂದು ಹೊಂದುವುದಿಲ್ಲ. ತಯಾರಕರು ಇದಕ್ಕೆ ಗ್ರೀಸ್ ಬೇಡ, ಗೇರ್ ಎಣ್ಣೆ ಹಾಕಿ ಎಂದು ಹೇಳಿದ್ದರು. ಗ್ರೀಸ್ ಗಟ್ಟಿಯಾಗಿ ದಾರದ ಕೆಳಭಾಗ ಒಣಗಿದರೆ ನೀರು ಸೇರಿ ತುಕ್ಕು ಕೊರೆದು ಕೊಂಡಿ ಅಲ್ಲಿಯೇ ಮುರಿಯುತ್ತದೆ. ಆದ್ದರಿಂದ ಹಳೆಯ ಕೊಂಡಿಯನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಕೆಳಗಿನ ಕೆಲವು ಸುತ್ತು ದಾರಗಳ ಬುಡವನ್ನು.

ಹೆರಾಲ್ಡಿನ ಹಿಂಭಾಗ ಇನ್ನೂ ಸ್ವಾರಸ್ಯಕರ. ಗ್ಯಾರೇಜುಗಳಲ್ಲಿ ಪಾಟಾ ಅಥವಾ ಬ್ಲೇಡ್ ಎನ್ನುವ ಕಮಾನು ಪಟ್ಟಿಗಳನ್ನು ಸಾಮಾನ್ಯ ಕಾರಿನಲ್ಲಿ ಉದ್ದಕ್ಕೆ, ಗಾಲಿಗೊಂದರಂತೆ ಕಟ್ಟುತ್ತಾರೆ. ಹೆರಾಲ್ಡಿನಲ್ಲಿ ಒಂದೇ ಕಟ್ಟು ಅಡ್ಡಡ್ಡಲಾಗಿ, ಡಿಫರೆನ್ಷಿಯಲ್ ಪೆಟ್ಟಿಗೆಯ ತಲೆಯ ಮೇಲೆ ಬಿಗಿಯಾಗಿ ಕೂತು ಎರಡೂ ಗಾಲಿಗಳನ್ನು ಹಿಡಿಯುತ್ತದೆ. ತೂಗು ಆಕ್ಸಲ್ ಎನ್ನುವ ಈ ಏರ್ಪಾಡಿನಲ್ಲಿ ಅರ್ಧ ಆಕ್ಸಲ್‌ಗಳು ಪೆಟ್ಟಿಗೆಯ ಬಳಿ ಮಾತ್ರ ಬಾಗುವುದರಿಂದ, ವೇಗವಾಗಿ ತಿರುಗುವಾಗ ಚಾಲಕ ಹಠಾತ್ತಾಗಿ ವೇಗ ತಗ್ಗಿಸಿದರೆ ಕಾರಿನ ಹಿಂಭಾಗ ಮೇಲೆದ್ದು ಹೊರಗಾಲಿ ಒಳಕ್ಕೆ ಮಡಿಚಿಕೊಳ್ಳುವ ಅಪಾಯವಿತ್ತು. 1970ರ ಕೊನೆಗೆ ಬಂದ ನಾಲ್ಕನೆಯ ಮಾದರಿಯ ಸ್ಪಿಟ್‌ಫೈರ್‌ನಲ್ಲಿ ಇದಕ್ಕೆ ಪರಿಹಾರವಾಗಿ ಒಂದು ಪಟ್ಟಿಯನ್ನಷ್ಟೇ ಬಿಗಿದು, ಉಳಿದವು ನಡುವಿನ ಪೆಟ್ಟಿಗೆಯೊಳಗೆ ತೂಗುವಂತೆ ಮಾಡಲಾಯಿತು. ಹೀಗಾಗಿ 1960ರ ದಶಕದ ಸ್ಪಿಟ್‌ಫೈರ್‌ನಲ್ಲಿ ತೂಗುವ ಕಟ್ಟು ಕಂಡರೆ ಅದು ಮೂಲದ್ದಲ್ಲವೆಂದು ನಿಸ್ಸಂದೇಹವಾಗಿ ಹೇಳಬಹುದು, ಆದರೆ ಅದನ್ನು ಹಾಕಿದವರು ಸುರಕ್ಷೆಗಾಗಿ ಹಾಕಿರಬಹುದೆಂಬುದನ್ನೂ ಒಪ್ಪಬೇಕು. ಭಾರತದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು: ತೂಗು ಆಕ್ಸಲ್ ಇಲ್ಲಿನ ಮೆಕ್ಯಾನಿಕ್‌ಗಳಿಗೂ ಕೊಳ್ಳುವವರಿಗೂ ಒಗ್ಗದ ಕಾರಣ 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಝೆಲ್ ಕಾರಿಗೆ ಸಾಂಪ್ರದಾಯಿಕ ಇಡಿ ಆಕ್ಸಲ್ ಅಳವಡಿಸಲಾಯಿತು. ಹೆರಾಲ್ಡ್ ಎಂದು ತೋರಿಸುವ ಕಾರಿನ ಕೆಳಗೆ ಇಡಿ ಆಕ್ಸಲ್ ಕಂಡರೆ ಅದು ಗೆಝೆಲ್‌ನಿಂದ ಬಂದಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.

ಇಂಥ ಕಸಿಗಳು ನಮ್ಮಲ್ಲಿ ಹೆಚ್ಚಾಗಿರುವುದಕ್ಕೆ ಆರ್ಥಿಕ ಕಾರಣವಿದೆ. ದೇಶದೊಳಗೆ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ನಡೆಸುವ ಕಂಪನಿಗಳು ಮುಂದುವರಿಯಬಾರದೆಂದು 1953ರಲ್ಲಿ ಟ್ಯಾರಿಫ್ ಕಮಿಷನ್ ಹೇಳಿದ ಮೇಲೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಇಲ್ಲಿನ ಕೆಲಸ ನಿಲ್ಲಿಸಿದವು, ಆಮದು ಬಿಗಿಯಾಯಿತು, ವಿದೇಶಿ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗ ದುರ್ಲಭವಾಯಿತು. ಆಗ ಲೇತ್ ಅಂಗಡಿಗಳೂ ಕುಲುಮೆಗಳೂ ಆ ಕಾರುಗಳನ್ನು ಬದುಕಿಸಿದವು. ಆ ಕುಶಲತೆಗೆ ಗೌರವ ಸಲ್ಲಬೇಕು. ಮೂಲ ಯಾವುದು, ಸ್ಥಳೀಯ ಕೆಲಸ ಯಾವುದು ಎಂದು ಬಿಡಿಸಿ ಹೇಳಿದಾಗ ಮಾತ್ರ ಎರಡಕ್ಕೂ ನ್ಯಾಯ ದೊರೆಯುತ್ತದೆ.

ಬಿಡಿಸುವ ಮೊದಲ ಸಾಧನ ಕಣ್ಣು. ಕಾಯಿಸಿದ ಉಕ್ಕನ್ನು ಎರಡು ಅಚ್ಚುಗಳ ನಡುವೆ ಬಡಿದು ರೂಪಿಸಿದ ಭಾಗದಲ್ಲಿ, ಅಚ್ಚುಗಳ ಸಂದಿನಿಂದ ಹೊರಚಿಮ್ಮಿದ ಲೋಹವನ್ನು ಕತ್ತರಿಸಿದ ಅಗಲವಾದ, ಒರಟು ಅಂಚಿನ ಪಟ್ಟೆ ಕಾಣುತ್ತದೆ. ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಎರೆದು ಮಾಡಿದ ಭಾಗದಲ್ಲಿ ಆ ಗೆರೆ ತೆಳುವಾಗಿದ್ದು ಮೈ ಮರಳಿನ ಕಣಗಳ ಗುರುತು ಹೊತ್ತಿರುತ್ತದೆ. ಬಡಿದ ಉಕ್ಕಿನಲ್ಲಿ ಲೋಹದ ಎಳೆಗಳು ಭಾಗದ ಆಕಾರವನ್ನು ಅನುಸರಿಸಿ ಹರಿಯುವುದರಿಂದ ಅದು ಹೊಡೆತವನ್ನು ಹೆಚ್ಚು ತಾಳುತ್ತದೆ. ಮೂಲದಲ್ಲಿ ಬಡಿದು ಮಾಡಿದ ತೋಳಿನ ಜಾಗದಲ್ಲಿ ಎರಕದ ಅಥವಾ ತಗಡನ್ನು ಬೆಸುಗೆ ಹಾಕಿ ಮಾಡಿದ ತೋಳು ಕಂಡರೆ ಅದು ಅಸಲಿಯೂ ಅಲ್ಲ, ನಂಬಿ ಓಡಿಸತಕ್ಕದ್ದೂ ಅಲ್ಲ.

ಬೋಲ್ಟುಗಳೂ ಮಾತನಾಡುತ್ತವೆ. ಬ್ರಿಟಿಷ್ ಕಾರುಗಳು ಹಿಂದೆ 55 ಡಿಗ್ರಿ ಕೋನದ ವಿಟ್‌ವರ್ತ್ ಜಾತಿಯ ದಾರಗಳನ್ನು ಬಳಸುತ್ತಿದ್ದವು. 1948ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಒಪ್ಪಿದ 60 ಡಿಗ್ರಿ ಕೋನದ ಏಕೀಕೃತ ದಾರಗಳು ಬಳಿಕ ನಿಧಾನವಾಗಿ ಬಂದವು. ಆ ಕಾಲದ ಬ್ರಿಟಿಷ್ ಬೋಲ್ಟಿನ ತಲೆಯ ಮೇಲೆ ಬಲದ ದರ್ಜೆಯನ್ನು ಆರ್, ಎಸ್, ಟಿ ಮುಂತಾದ ಅಕ್ಷರಗಳಲ್ಲಿ ಗುರುತಿಸುತ್ತಿದ್ದರು, ಹಲವಕ್ಕೆ ಬೂದುಬಣ್ಣದ ಕ್ಯಾಡ್ಮಿಯಂ ಲೇಪವಿರುತ್ತಿತ್ತು. 1960ರ ಬ್ರಿಟಿಷ್ ಕಾರಿನ ಸಸ್ಪೆನ್ಷನ್‌ನಲ್ಲಿ 8.8 ಎಂದು ಬರೆದ ಮೆಟ್ರಿಕ್ ಬೋಲ್ಟು ಸಿಕ್ಕರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆಂದು ತಿಳಿದು, ಅದು ಹಿಡಿದಿರುವ ಭಾಗವನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು.

ಸ್ಪ್ರಿಂಗಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: ಅಸಲಿ ಸ್ಪ್ರಿಂಗಿನ ಉಕ್ಕು ಒಳ್ಳೆಯದಾದ್ದರಿಂದ ಅದು ಹೆಚ್ಚು ಬಿಗಿಯಾಗಿರುತ್ತದೆ ಎಂಬುದು. ವಾಸ್ತವದಲ್ಲಿ ಬಿಗಿ, ಅಂದರೆ ಒಂದು ಸೆಂಟಿಮೀಟರ್ ಕುಗ್ಗಿಸಲು ಬೇಕಾಗುವ ಬಲ, ಉಕ್ಕಿನ ದರ್ಜೆಯನ್ನು ಹೆಚ್ಚುಕಡಿಮೆ ಅವಲಂಬಿಸಿಲ್ಲ. ಕಬ್ಬಿಣದ ಅಂಗಡಿಯ ಸಾದಾ ಉಕ್ಕಿಗೂ ಉತ್ತಮ ಸ್ಪ್ರಿಂಗ್ ಉಕ್ಕಿಗೂ ಸ್ಥಿತಿಸ್ಥಾಪಕ ಗುಣಾಂಕ ಬಹುತೇಕ ಒಂದೇ. ಬಿಗಿಯನ್ನು ನಿರ್ಧರಿಸುವುದು ಅಳತೆಗಳು. ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, 12 ಮಿಲಿಮೀಟರ್ ತಂತಿಯ ಬದಲು 13 ಮಿಲಿಮೀಟರ್ ತಂತಿ ಬಳಸಿದರೆ ಬಿಗಿ ಸುಮಾರು ಶೇ. 38ರಷ್ಟು ಏರುತ್ತದೆ, ಕಮಾನು ಪಟ್ಟಿಯಲ್ಲಿ ದಪ್ಪದ ಮೂರನೆಯ ಘಾತ ಲೆಕ್ಕಕ್ಕೆ ಬರುವುದರಿಂದ 6 ಮಿಲಿಮೀಟರ್ ಪಟ್ಟಿ 7 ಆದಾಗ ಬಿಗಿ ಸುಮಾರು ಶೇ. 59ರಷ್ಟು ಹೆಚ್ಚುತ್ತದೆ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಈ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಉಪಕರಣ. ಬಣ್ಣದ ಪದರದ ಮೇಲಿಂದ ಅಳೆದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಉಕ್ಕಿನ ದರ್ಜೆಯ ವ್ಯತ್ಯಾಸ ಕಾಣಿಸಿಕೊಳ್ಳುವುದು ಕಾಲಾಂತರದಲ್ಲಿ. ಸಾದಾ ಉಕ್ಕು ಬೇಗನೆ ಕುಸಿದು ಹಿಂದಿರುಗದೆ ಉಳಿಯುತ್ತದೆ; ಸುಮಾರು ಶೇ. 0.5ರಿಂದ 0.6 ಇಂಗಾಲ, ಶೇ. 1.5ರಿಂದ 2 ಸಿಲಿಕಾನ್ ಮತ್ತು ಸ್ವಲ್ಪ ಮ್ಯಾಂಗನೀಸ್ ಇರುವ ಸ್ಪ್ರಿಂಗ್ ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಹದಕ್ಕೆ ಕಾಯಿಸಿದಾಗ ಅದು ಲಕ್ಷಾಂತರ ಬಾರಿ ಬಾಗಿಯೂ ಮೊದಲಿನ ಆಕಾರಕ್ಕೆ ಮರಳುತ್ತದೆ. ಅನೇಕ ಕಾರ್ಖಾನೆಗಳು ಇದರ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಸುರಿಸಿ ಹೊರಪದರವನ್ನು ಒತ್ತಡದಲ್ಲಿಡುತ್ತಿದ್ದವು. ಬಿರುಕು ಶುರುವಾಗುವುದು ಮೇಲ್ಮೈಯ ಎಳೆತದಿಂದಲೇ ಆದ್ದರಿಂದ ಈ ಒತ್ತಡ ಅದನ್ನು ತಡೆಯುತ್ತದೆ. ಬಣ್ಣ ತೆಗೆದಾಗ ಮೈತುಂಬ ಸಮನಾದ ಮಂಕು ಕುಳಿಗಳು ಕಂಡರೆ ಅದು ಆ ಕ್ರಿಯೆಯ ಗುರುತು. ತುಕ್ಕಿನ ಕುಳಿಗಳು ಅಡ್ಡಾದಿಡ್ಡಿಯಾಗಿಯೂ ಆಳವಾಗಿಯೂ ಇರುತ್ತವೆ. ಜಾಗ್ವಾರ್ ಎಕ್ಸ್‌ಕೆ 120 ಮತ್ತು ಇ-ಟೈಪ್ ಕಾರುಗಳ ಮುಂಭಾಗದಲ್ಲಿ, ನಮ್ಮ ಅಂಬಾಸಡರ್‌ನಲ್ಲಿಯೂ, ಸ್ಪ್ರಿಂಗಿನ ಕೆಲಸ ಮಾಡುವುದು ತಿರುಚಿಕೊಳ್ಳುವ ನೇರ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. ಇಂಥ ಸರಳನ್ನು ಕಾರ್ಖಾನೆಯಲ್ಲೇ ಒಂದು ದಿಕ್ಕಿಗೆ ಅತಿಯಾಗಿ ತಿರುಚಿ ಪಳಗಿಸಿದ್ದರೆ ಎಡದ್ದನ್ನು ಬಲಕ್ಕೆ ಹಾಕಿದಾಗ ಅದು ಕುಸಿಯುತ್ತದೆ ಅಥವಾ ಬೇಗ ಬಿರಿಯುತ್ತದೆ. ತುದಿಯಲ್ಲಿ ಒತ್ತಿದ ಎಡ-ಬಲ ಗುರುತನ್ನು ಉಜ್ಜಿ ಅಳಿಸುವುದು ಈ ಕಾರಣಕ್ಕೆ ಅಕ್ಷಮ್ಯ.

ಗದಗ ಜಿಲ್ಲೆಯ ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯನ್ನು ಇಲ್ಲಿ ನೆನೆಯಲು ಸ್ಪಷ್ಟ ಕಾರಣವಿದೆ. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲೆ ಹಾಸಿದ ರಸ್ತೆ ಅಲೆಯಲೆಯಾಗುತ್ತದೆ. ಇಂಥ ರಸ್ತೆಯಲ್ಲಿ ಹೊರೆ ಹೊತ್ತು ಓಡುವ ವಾಹನಗಳಿಗೆ ಹೆಚ್ಚುವರಿ ಪಟ್ಟಿಯೊಂದನ್ನು ಸೇರಿಸುವುದು ಗ್ಯಾರೇಜುಗಳ ವಾಡಿಕೆಯ ಕೆಲಸ. ಮುರಿದ ಲಾರಿ ಪಟ್ಟಿ ಕಮ್ಮಾರರ ಕೈಗೆ ಸೇರಿ ಕೊಡಲಿ, ಕುಡುಗೋಲು, ಕುರ್ಚಿಗೆಯಾಗುತ್ತದೆ, ಏಕೆಂದರೆ ಅದರ ಇಂಗಾಲ ಅಲಗಿಗೆ ಬೇಕಾದ ಗಡಸುತನವನ್ನು ಕೊಡುತ್ತದೆ. ಹಳೆಯ ಕಾರುಗಳ ಅಸಲಿ ಕಮಾನುಗಳು ಗುಜರಿಯಲ್ಲಿಯೂ ವಿರಳವಾಗಿರುವುದಕ್ಕೆ ಈ ಮರುಬಳಕೆಯೂ ಒಂದು ಕಾರಣ. ಇದಕ್ಕೆ ಎದುರು ದಿಕ್ಕಿನ ಪಯಣವೂ ಇದೆ: ಜೀಪು ಅಥವಾ ಲಾರಿಯ ಪಟ್ಟಿಯನ್ನು ಕತ್ತರಿಸಿ ಹಳೆಯ ಕಾರಿನ ಕಟ್ಟಿಗೆ ಸೇರಿಸುವುದು. ಗ್ಯಾಸ್ ಜ್ವಾಲೆಯಿಂದ ಕತ್ತರಿಸಿದ ತುದಿಯಲ್ಲಿ ಓರೆಗೆರೆಗಳು ಉಳಿದಿರುತ್ತವೆ, ಆ ಅಂಚಿನ ಉಕ್ಕು ಹದಗೆಟ್ಟು ಪೆಡಸಾಗಿರುತ್ತದೆ. ಅಸಲಿ ಪಟ್ಟಿಯ ತುದಿ ಕಾರ್ಖಾನೆಯಲ್ಲಿ ಒಂದೇ ಬಗೆಯಲ್ಲಿ ಕತ್ತರಿಸಿದ್ದು ಅಥವಾ ತೆಳುವಾಗಿ ಉರುಳಿಸಿದ್ದು, ಕಟ್ಟಿನ ಎಲ್ಲ ಪಟ್ಟಿಗಳಲ್ಲಿಯೂ ಹೊಂದಿಕೆಯಾಗಿರುತ್ತದೆ. ನಡುವಿನ ಬೋಲ್ಟಿನ ರಂಧ್ರವನ್ನು ಪಟ್ಟಿಯಿಂದ ಪಟ್ಟಿಗೆ ಹೋಲಿಸಿದರೂ ಸಾಕು, ಹೊರಗಿನದು ಬೇರೆಯಾಗಿ ನಿಲ್ಲುತ್ತದೆ.

ಅಳತೆ, ಗುರುತು ಎಲ್ಲ ಸರಿಯಿದ್ದರೂ ಭಾಗವು ಬೇರೆ ವರ್ಷದ ಕಾರಿನದಾಗಿರಬಹುದು. ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ಎಂಜಿ ಟಿಸಿ ಮಾದರಿಯ ಮುಂಭಾಗದಲ್ಲಿ ಇಡಿ ಆಕ್ಸಲ್ ಮತ್ತು ಕಮಾನು ಪಟ್ಟಿಗಳಿದ್ದರೆ, ಅದರ ನಂತರದ ಟಿಡಿ ಮಾದರಿಗೆ ಸ್ವತಂತ್ರ ತೋಳುಗಳೂ ಸುರುಳಿ ಸ್ಪ್ರಿಂಗುಗಳೂ ಬಂದವು. ಅಲ್ಲಿ ಶಾಕ್ ಅಬ್ಸಾರ್ಬರ್‌ನ ತೋಳೇ ಮೇಲಿನ ಕೊಂಡಿಯಾಗಿಯೂ ದುಡಿಯುತ್ತದೆ. ಎಂಜಿಬಿಯಲ್ಲಿಯೂ ಇದೇ ಏರ್ಪಾಡು ಇದ್ದುದರಿಂದ ಅದಕ್ಕೆ ಕೊಳವೆಯಾಕಾರದ ಹೊಸ ಶಾಕ್ ಅಬ್ಸಾರ್ಬರ್ ಹಾಕುವುದೆಂದರೆ ಮೇಲಿನ ಕೊಂಡಿಯ ವ್ಯವಸ್ಥೆಗೂ ಕೈ ಹಾಕಿದಂತೆ. ಅಮೆರಿಕದ ಬಂಪರ್ ನಿಯಮಗಳಿಗೆ ಹೊಂದಿಸಲು 1974ರ ಕೊನೆಗೆ ಎಂಜಿಬಿಯ ನಿಲುವನ್ನು ಎತ್ತರಿಸಲಾಯಿತು. ಅದಕ್ಕೂ ಹಿಂದಿನ ಕ್ರೋಮ್ ಬಂಪರಿನ ಕಾರು ಅನುಮಾನ ಹುಟ್ಟಿಸುವಷ್ಟು ಎತ್ತರವಾಗಿ ನಿಂತಿದ್ದರೆ ನಂತರದ ಸ್ಪ್ರಿಂಗುಗಳು ಸೇರಿಕೊಂಡಿವೆಯೇ ಎಂದು ನೋಡಬೇಕು. ಬುಷ್‌ಗಳ ವಿಷಯ ಸುಲಭ: ಕೆಂಪು, ನೀಲಿ ಬಣ್ಣದ ಪಾಲಿಯುರೆಥೇನ್ ಬುಷ್ ಕಂಡರೆ ಅದು ಈಚಿನದು, ಮೂಲದವು ಕಪ್ಪು ರಬ್ಬರಿನವು.

ಕಣ್ಣಿಗೂ ಕ್ಯಾಲಿಪರಿಗೂ ನಿಲುಕದ್ದನ್ನು ಪ್ರಯೋಗಾಲಯ ತೋರಿಸಬಲ್ಲದು. ಕ್ಷಕಿರಣ ಬೀರಿ ಲೋಹದ ಧಾತುಗಳನ್ನು ಗುರುತಿಸುವ ಕೈ ಉಪಕರಣ ಕ್ರೋಮಿಯಂ, ಮ್ಯಾಂಗನೀಸ್‌ಗಳನ್ನು ಹೇಳುತ್ತದೆ, ಆದರೆ ಇಂಗಾಲವನ್ನು ಅಳೆಯಲಾರದು. ಆ ಕೊರತೆಯನ್ನು ಗಡಸುತನದ ಅಳತೆಯಿಂದ ಭಾಗಶಃ ತುಂಬಿಕೊಳ್ಳಬಹುದು. ಇದಕ್ಕಿಂತ ಮುಖ್ಯವಾದದ್ದು ಬಿರುಕಿನ ಪರೀಕ್ಷೆ. ಪದೇಪದೇ ಬೀಳುವ ಹೊರೆ ಅಲ್ಪವಾಗಿದ್ದರೂ ಲೋಹವನ್ನು ದಣಿಸಿ ಮುರಿಯಬಲ್ಲದೆಂದು ಜರ್ಮನಿಯ ಆಗಸ್ಟ್ ವ್ಯೋಲರ್ 19ನೆಯ ಶತಮಾನದ ನಡುಭಾಗದಲ್ಲಿ ರೈಲಿನ ಆಕ್ಸಲ್‌ಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಭಾಗವನ್ನು ಕಾಂತೀಯಗೊಳಿಸಿ ಮೇಲೆ ಕಬ್ಬಿಣದ ನುಣ್ಣನೆಯ ಪುಡಿ ಹರಡಿದರೆ ಕಣ್ಣಿಗೆ ಕಾಣದ ಬಿರುಕಿನ ಗುಂಟ ಪುಡಿ ಗೆರೆಯಾಗಿ ನಿಲ್ಲುತ್ತದೆ. ಈ ಪರೀಕ್ಷೆಯಲ್ಲಿ ಸೋತ ಭಾಗ ನಿಸ್ಸಂಶಯವಾಗಿ ಅಸಲಿಯೇ ಆಗಿದ್ದರೂ ರಸ್ತೆಗೆ ಮರಳಬಾರದು. ಅದನ್ನು ಕಾರಿನ ಸಂಖ್ಯೆ, ತೆಗೆದ ದಿನಾಂಕ, ಇದ್ದ ಜಾಗಗಳನ್ನು ಬರೆದ ಚೀಟಿಯೊಂದಿಗೆ ಕಾದಿರಿಸಿ, ಓಡಿಸಲು ಹೊಸದನ್ನು ಅದೇ ಅಳತೆಗೆ ಮಾಡಿಸಬೇಕು.

ಈ ಎಲ್ಲ ಸಾಕ್ಷ್ಯಗಳನ್ನು ಅಳಿಸಿಹಾಕುವುದು ಹೆಚ್ಚಾಗಿ ಕಳ್ಳರಲ್ಲ, ಅತ್ಯುತ್ಸಾಹದ ಶುಚಿತ್ವ. ಕಾರ್ಖಾನೆಗಳು ಸುರುಳಿ ಸ್ಪ್ರಿಂಗುಗಳನ್ನು ಹೊರೆ ತಾಳುವ ಶಕ್ತಿಗೆ ತಕ್ಕಂತೆ ವಿಂಗಡಿಸಿ ಮೇಲೆ ಒಂದೆರಡು ಬಣ್ಣದ ಬೊಟ್ಟು ಇಡುತ್ತಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು ತಂತಿ ಬ್ರಶ್ಶಿನಿಂದ ಉಜ್ಜಿದಾಗ ಮೊದಲು ಹೋಗುವುದು ಆ ಬೊಟ್ಟು, ನಂತರ ಲೇಪ, ಕೊನೆಗೆ ಒತ್ತಿದ ಅಕ್ಷರಗಳ ಅಂಚು. ಆದ್ದರಿಂದ ಬಿಚ್ಚಿದ ಭಾಗದ ಛಾಯಾಚಿತ್ರವನ್ನು ಮೊದಲು ಕೊಳೆಯ ಸಮೇತ ಎಲ್ಲ ಮಗ್ಗುಲಿನಿಂದಲೂ ತೆಗೆದು, ಗ್ರೀಸ್ ಕವಿದ ಜಾಗಗಳನ್ನು ಮೆದು ಬಟ್ಟೆಯಿಂದ ಸ್ವಲ್ಪಸ್ವಲ್ಪವಾಗಿ ಒರೆಸುತ್ತ ಹೋಗಬೇಕು. ಎಷ್ಟೋ ಬಾರಿ ಬಣ್ಣದ ಬೊಟ್ಟು ಉಳಿದಿರುವುದು ಆ ಗ್ರೀಸಿನ ಅಡಿಯಲ್ಲಿಯೇ.