ಹಸಿ ಸೌದೆಯಿಂದ ಒಂದು ಪಾಠ

8ನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠಕ್ಕೆ ನಾನು ಬಳಸಿದ ಬೋಧನೋಪಕರಣ ಸೌದೆ. ಜನವರಿಯಲ್ಲಿ ವಿದ್ಯುತ್ ತಂತಿಗೆ ತಾಗುತ್ತಿದ್ದ ಮರಗಳನ್ನು ಕಡಿದವರು ತುಂಡುಗಳನ್ನು ವಿದ್ಯಾರ್ಥಿನಿಲಯದ ಬಚ್ಚಲೊಲೆಗೆಂದು ಪುಕ್ಕಟೆಯಾಗಿ ಹಾಕಿಹೋಗಿದ್ದರು. ಮಳೆಗಾಲದೊಳಗೆ ಒಣಗದಿದ್ದರೆ ನೀರು ಕಾಯಿಸುವವರಿಗೆ ಹೊಗೆಯೇ ಗತಿ.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಲೆಯ ಶಾಖದ ಒಂದು ಭಾಗ ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಸೌದೆ ಜ್ವಲನ ತಾಪ ಮುಟ್ಟದೆ ಹೊಗೆಯಾಡುತ್ತದೆ. ತೊಗಟೆ ತೇವವನ್ನು ಒಳಗೇ ಹಿಡಿದಿಡುವುದರಿಂದ ದಪ್ಪ ತುಂಡುಗಳನ್ನು ಸೀಳಬೇಕು. ಕೊಡಲಿ ಕೆಲಸ ದೊಡ್ಡವರದು, ಒಟ್ಟುವುದು ಮಕ್ಕಳದು. ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ 2 ಗಳು ಹಾಸಿ, ಗಾಳಿಯಾಡಲು ಸಂದು ಬಿಟ್ಟು ಒಟ್ಟಿದೆವು. ಹೊದಿಕೆ ಮೇಲಕ್ಕೆ ಮಾತ್ರ. ಬದಿಗಳನ್ನೂ ಮುಚ್ಚಿದರೆ ತೇವ ಹೊರಹೋಗದು.

ಮೌಲ್ಯಮಾಪನಕ್ಕೆ ಒಂದು ಸೀಳಿಗೆ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ ಬರೆಯಲು ಹೇಳಿದೆ. ತೂಕ ಇಳಿಯುವುದು ನಿಂತರೆ ಗಾಳಿಗೆ ಒಣಗುವಷ್ಟು ಒಣಗಿತೆಂದು ಅರ್ಥ. ಒಣಗಿದ 2 ತುಂಡುಗಳನ್ನು ಬಡಿದರೆ ‘ಟಣ್’ ಎನ್ನುತ್ತವೆ. ಹಸಿಯವು ‘ದಬ್’ ಎನ್ನುತ್ತವೆ.

ಸೌದೆ ಒಣಗಲು ತಿಂಗಳುಗಳೇ ಬೇಕು. ಬೋಧನಾಭ್ಯಾಸ ಅದಕ್ಕೆ ಮೊದಲೇ ಮುಗಿಯುತ್ತದೆ. ಆದ್ದರಿಂದ ತೂಕದ ಪಟ್ಟಿಯನ್ನು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬರುವುದನ್ನೂ ಪಾಠಯೋಜನೆಯಲ್ಲಿ ಸೇರಿಸಿಕೊಳ್ಳಬೇಕು.