ಬಸ್ರಾದ ಕಲ್ಲಿನಲ್ಲಿ ಅಂಕಿಯಾಗಿ ಉಳಿದವರು

ಯುದ್ಧದ ದಾಖಲೆಗಳಲ್ಲಿ ‘ಕಾಣೆಯಾದವರು’ ಎಂದರೆ ರಣರಂಗ ಬಿಟ್ಟು ಓಡಿದವರಲ್ಲ. ದೇಹ ಸಿಗದೆ, ಸಿಕ್ಕರೂ ಗುರುತು ಹತ್ತದೆ, ಇಂಥ ಕಡೆ ಸಮಾಧಿಯಿದೆ ಎಂದು ಮನೆಯವರಿಗೆ ತೋರಿಸಲಾಗದೆ ಉಳಿದುಹೋದವರು. ಮೊದಲನೆಯ ಮಹಾಯುದ್ಧದಲ್ಲಿ ಇಂಥವರ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. 1917ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗವು, ಸಮಾಧಿಯಿಲ್ಲದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಕು, ಅದರಲ್ಲಿ ಹುದ್ದೆ, ಜನಾಂಗ, ಧರ್ಮಗಳ ಭೇದ ಇರಕೂಡದು ಎಂಬ ತತ್ವವನ್ನು ಒಪ್ಪಿಕೊಂಡಿತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರನ್ನು ಹಾಗೆಯೇ ಹೆಸರು ಹಿಡಿದು ಸ್ಮರಿಸಲಾಗಿದೆ.

ಇರಾಕಿನ ಬಸ್ರಾದಲ್ಲಿ ಈ ಮಾತು ನಡೆಯಲಿಲ್ಲ. ಆಗ ಮೆಸೊಪೊಟೇಮಿಯ ಎನಿಸಿಕೊಂಡಿದ್ದ ಆ ನಾಡಿನಲ್ಲಿ 1914ರಿಂದ 1921ರವರೆಗೆ ಗುಂಡಿಗೆ, ರೋಗಕ್ಕೆ, ಕುತ್ ಪಟ್ಟಣ ಶರಣಾದ ಮೇಲಿನ ಸೆರೆವಾಸಕ್ಕೆ ಬಲಿಯಾಗಿ ಸಮಾಧಿಯಿಲ್ಲದೆ ಹೋದ 40,000ಕ್ಕೂ ಹೆಚ್ಚು ಮಂದಿಗಾಗಿ 1929ರಲ್ಲಿ ಅಲ್ಲೊಂದು ಸ್ಮಾರಕ ಎದ್ದಿತು. ಅವರಲ್ಲಿ ಬಹುಪಾಲು ಭಾರತೀಯ ಸೇನೆಯವರು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇತುವೆ, ದಾರಿ, ಕಂದಕಗಳ ಕೆಲಸ ಮಾಡುವ ಪಡೆ, ದುಡಿದದ್ದೂ ಇದೇ ರಣರಂಗದಲ್ಲಿ. ಸ್ಮಾರಕದ ಫಲಕಗಳಲ್ಲಿ ಭಾರತೀಯ ರೆಜಿಮೆಂಟಿನ ಹೆಸರಿನ ಕೆಳಗೆ ಅಧಿಕಾರಿಗಳ ಹೆಸರುಗಳು ಒಂದೊಂದಾಗಿ ಬರುತ್ತವೆ. ಆಮೇಲೆ, ಮತ್ತಿಷ್ಟು ಮಂದಿ ಇತರ ಭಾರತೀಯ ಸೈನಿಕರು ಎಂಬರ್ಥದ ಒಂದೇ ಒಂದು ಸಾಲು. ಬ್ರಿಟಿಷ್ ಪಡೆಗಳ ಸಾಮಾನ್ಯ ಸೈನಿಕನಿಗೂ ಸಿಕ್ಕ ಗೌರವ ಇಲ್ಲಿಯ ಸಿಪಾಯಿಗೆ, ಹವಾಲ್ದಾರನಿಗೆ ಸಿಗಲಿಲ್ಲ. ಎಳ್ಳುನೀರು ಬಿಡುವಾಗ ಹೆಸರೆತ್ತಿಯೇ ಬಿಡುವ ಜನರ ಮಕ್ಕಳನ್ನು ಹೀಗೆ ಲೆಕ್ಕಕ್ಕೆ ಇಳಿಸಿದ್ದು ಸಣ್ಣ ಅನ್ಯಾಯವಲ್ಲ, ಏಕೆಂದರೆ ಹೆಸರುಗಳು ತಿಳಿಯದೆ ಇರಲಿಲ್ಲ, ಅವು ಪಟ್ಟಿಗಳಲ್ಲಿದ್ದವು.

1997ರಲ್ಲಿ ಸದ್ದಾಂ ಹುಸೇನರ ಆದೇಶದಂತೆ ಸ್ಮಾರಕವನ್ನು ಬಿಚ್ಚಿ, ನಾಸಿರಿಯಾ ರಸ್ತೆಯಲ್ಲಿ ಸುಮಾರು 32 ಕಿಲೋಮೀಟರ್ ದೂರದ ಮರಳುಗಾಡಿಗೆ ಸಾಗಿಸಲಾಯಿತು. ಆಯೋಗವೇ ನೇಮಿಸಿದ್ದ ಸಮಿತಿಯು 2021ರಲ್ಲಿ, ಆಫ್ರಿಕ ಮತ್ತು ಏಷ್ಯಾದ ಕನಿಷ್ಠ 1,16,000 ಮಂದಿಯನ್ನು ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ವರದಿ ಕೊಟ್ಟ ಮೇಲೆ, ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆಯೋಗದ ಸಾರ್ವಜನಿಕ ದಾಖಲೆಯಲ್ಲಿ ಇಂದು ಬಸ್ರಾದ ಸಿಪಾಯಿಯ ಹೆಸರು, ರೆಜಿಮೆಂಟು, ಮಡಿದ ದಿನ, ಎಷ್ಟೋ ಕಡೆ ತಂದೆಯ ಹೆಸರು ಮತ್ತು ಊರು ಕೂಡ ಸಿಗುತ್ತವೆ.