ನಾಟಕದ ಡೇರೆಯಿಂದ ಸ್ಟುಡಿಯೊಗೆ ಹೋದ ಗುಬ್ಬಿ ವೀರಣ್ಣ

ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು ಎಂದರೆ ಬೆಂಡು ಬತ್ತಾಸು, ಮಂಡಕ್ಕಿ ಮಿರ್ಚಿಯ ಜೊತೆಗೆ ನಾಟಕವೂ ನೆನಪಿಗೆ ಬರುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಜನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲವಿತ್ತು. ಜನ ಸೇರುವ ಇಂಥ ಕಡೆಗಳಲ್ಲೇ ವೃತ್ತಿ ಕಂಪನಿಗಳು ಡೇರೆ ಹಾಕುತ್ತಿದ್ದವು. ಇಂಥದೇ ಒಂದು ಡೇರೆಯಲ್ಲಿ ಬೆಳೆದ, ಹೆಚ್ಚು ಶಾಲೆ ಕಾಣದ ಹುಡುಗನೊಬ್ಬ ಮುಂದೆ ಬೆಂಗಳೂರಿನಲ್ಲಿ ಚಲನಚಿತ್ರ ಸಂಸ್ಥೆಯನ್ನೇ ಕಟ್ಟಿದ. ಆತನೇ ಗುಬ್ಬಿ ವೀರಣ್ಣ. ನಟರಾಗಿ, ನಾಟಕ ಕಂಪನಿಯ ಮಾಲೀಕರಾಗಿ ವೀರಣ್ಣನವರು ಎಲ್ಲರಿಗೂ ಗೊತ್ತು. ಆದರೆ ಸ್ಟುಡಿಯೊ ನಡೆಸಹೊರಟು ಎಡವಿ, ಮತ್ತೆ ಎದ್ದ ವೀರಣ್ಣನವರನ್ನು ನೆನೆಯುವವರು ಕಡಿಮೆ.

ವೀರಣ್ಣನವರು 1891ರಲ್ಲಿ ಹುಟ್ಟಿದರು. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಅದಕ್ಕೂ ಮೊದಲೇ, 1884ರಲ್ಲಿ ಆರಂಭವಾಗಿತ್ತು. ಆರರ ಆಸುಪಾಸಿನ ವಯಸ್ಸಿನಲ್ಲಿಯೇ ಬಾಲಕ ವೀರಣ್ಣ ಕಂಪನಿ ಸೇರಿದ. 1917ರ ಹೊತ್ತಿಗೆ ಕಂಪನಿಯ ಒಡೆತನ ಅವರ ಕೈಗೆ ಬಂತು. ಒಡೆತನ ಎಂದರೆ ಮುಖಕ್ಕೆ ಬಣ್ಣ ಹಚ್ಚಿ ಮುಂದಿನ ಸಾಲಿಗೆ ಬಂದು ನಿಲ್ಲುವುದಷ್ಟೇ ಅಲ್ಲ. ಒಂದೂರಿನಲ್ಲಿ ಕ್ಯಾಂಪ್ ಮುಗಿದರೆ ಮುಂದಿನ ಊರಿನಲ್ಲಿ ಜಾಗ ಹಿಡಿಯಬೇಕು, ಲೈಸೆನ್ಸ್ ಪಡೆಯಬೇಕು, ಪರದೆ, ಪೆಟ್ಟಿಗೆ, ಕಂಬಗಳನ್ನು ರೈಲಿಗೋ ಗಾಡಿಗೋ ಹೇರಬೇಕು. ಮಳೆ ಹಿಡಿದು ಕಲೆಕ್ಷನ್ ಬೀಳದಿದ್ದರೂ ಕಲಾವಿದರ ಊಟ ನಿಲ್ಲುವಂತಿಲ್ಲ. ಮುಂದೆ 'ಕುರುಕ್ಷೇತ್ರ' ನಾಟಕಕ್ಕೆ ಅವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆ ಆನೆಯ ಮೇವಿನ ಲೆಕ್ಕವನ್ನೂ ಯಾರಾದರೊಬ್ಬರು ಬರೆಯಲೇಬೇಕಿತ್ತಲ್ಲ! ಇದಾವುದೂ ಪಠ್ಯಪುಸ್ತಕದಲ್ಲಿ ಸಿಗುವ ಆಡಳಿತ ಶಾಸ್ತ್ರವಲ್ಲ. ಆದರೂ ಸ್ಟುಡಿಯೊ ನಡೆಸುವವನಿಗೆ ಬೇಕಾದದ್ದು ಬಹುಪಾಲು ಇದೇ.

1930ರ ಸುಮಾರಿಗೆ ವೀರಣ್ಣನವರು ಸಿನಿಮಾದತ್ತ ಕೈ ಚಾಚಿದರು. ಅವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಕಿ ಚಿತ್ರಗಳನ್ನು ತಯಾರಿಸಿತು. ಬೆಲ್ಜಿಯಂ ದೇಶದ ರಾಫೆಲ್ ಆಲ್ಗೋಟ್ ನಿರ್ದೇಶಿಸಿದ 'ಹಿಸ್ ಲವ್ ಅಫೇರ್' ಚಿತ್ರದಲ್ಲಿ ವೀರಣ್ಣನವರೂ ಅವರ ಪತ್ನಿ ಬಿ. ಜಯಮ್ಮನವರೂ ಮುಖ್ಯ ಪಾತ್ರ ವಹಿಸಿದರು. ವೈ.ವಿ. ರಾವ್ ನಿರ್ದೇಶನದ 'ಹರಿ ಮಾಯಾ' 1932ರಲ್ಲಿ ಬಂತು. ಕನ್ನಡ ನಾಟಕ ಕಂಪನಿಯ ಮಾಲೀಕರೊಬ್ಬರು ಯುರೋಪಿನ ನಿರ್ದೇಶಕನನ್ನು ಕರೆದು ಕೆಲಸ ಮಾಡಿಸಿದರೆಂಬುದು ಆ ಕಾಲಕ್ಕೆ ಸಣ್ಣ ಮಾತೇನಲ್ಲ.

ಲೆಕ್ಕಾಚಾರವೂ ತಪ್ಪಾಗಿರಲಿಲ್ಲ. ಮೂಕಿ ಚಿತ್ರಕ್ಕೆ ಭಾಷೆಯ ಗಡಿಯಿಲ್ಲ. ನಡುನಡುವೆ ಬರುವ ಬರಹದ ತುಣುಕುಗಳನ್ನು ಬದಲಿಸಿದರೆ ಬೆಂಗಳೂರಿನ ಚಿತ್ರ ಲಾಹೋರಿನಲ್ಲಿಯೂ ಓಡೀತು. ತಯಾರಿಕೆಯೂ ಸುಲಭ. ಹಗಲು ಬೆಳಕಿನಲ್ಲಿ, ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲಿನ ತೀಕ್ಷ್ಣತೆ ತಗ್ಗಿಸಿ ಚಿತ್ರೀಕರಿಸುವ ಪದ್ಧತಿ ಅಂದಿನ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿತ್ತು. ಪಕ್ಕದಲ್ಲಿ ನಾಯಿ ಬೊಗಳಿದರೂ, ಎತ್ತಿನ ಗಾಡಿ ಕಿರುಗುಟ್ಟಿದರೂ ಚಿಂತೆಯಿಲ್ಲ.

ಕೆಟ್ಟದ್ದು ಕಾಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ತೆರೆಕಂಡಿತು. ಭಾರತದ ಸಿನಿಮಾ ಮಾತನಾಡತೊಡಗಿತು.

ಮಾತು ಬಂದದ್ದರಿಂದ ಸ್ಟುಡಿಯೊದವರಿಗೆ ಏನಾಯಿತು ಎಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳಿರುತ್ತವೆ. ಮೂಕಿ ಚಿತ್ರ ಸೆಕೆಂಡಿಗೆ ಹೆಚ್ಚುಕಡಿಮೆ 16 ಚಿತ್ರಗಳಂತೆ ಓಡುತ್ತಿತ್ತು, ಅಂದರೆ ಸೆಕೆಂಡಿಗೆ ಒಂದಡಿ. ಸಾವಿರ ಅಡಿಯ ಒಂದು ರೀಲು ಸುಮಾರು 16 ನಿಮಿಷ 40 ಸೆಕೆಂಡು ನಡೆಯುತ್ತಿತ್ತು. ಧ್ವನಿ ಸ್ಪಷ್ಟವಾಗಿ ಕೇಳಬೇಕಾದರೆ ಫಿಲ್ಮು ಬೇಗ ಓಡಬೇಕು, ಅದೂ ಒಂದೇ ವೇಗದಲ್ಲಿ. ಹಾಗಾಗಿ ಸೆಕೆಂಡಿಗೆ 24 ಚಿತ್ರಗಳೆಂದು ಗೊತ್ತುಮಾಡಿದರು. ನಿಮಿಷಕ್ಕೆ 90 ಅಡಿ. ಅದೇ ರೀಲು ಈಗ 11 ನಿಮಿಷಕ್ಕೆ ಖಾಲಿ! ಒಂದೇ ಅವಧಿಯ ಚಿತ್ರಕ್ಕೆ ಒಂದೂವರೆ ಪಟ್ಟು ಫಿಲ್ಮು ಬೇಕಾಯಿತು. ಅದು ವಿದೇಶದಿಂದ ಬರುತ್ತಿದ್ದ ಸರಕು ಬೇರೆ.

ಫಿಲ್ಮಿನ ಅಂಚಿನಲ್ಲಿ ಧ್ವನಿಯನ್ನು ಬೆಳಕಿನ ಗೆರೆಯಾಗಿ ಮುದ್ರಿಸುತ್ತಿದ್ದರು. ಪ್ರದರ್ಶಿಸುವಾಗ ಆ ಗೆರೆಯ ಮೂಲಕ ಹಾದ ಬೆಳಕು ದ್ಯುತಿವಿದ್ಯುತ್ ಕೋಶದ ಮೇಲೆ ಬೀಳುತ್ತದೆ. ಬೆಳಕು ಹೆಚ್ಚುಕಡಿಮೆಯಾದಂತೆ ವಿದ್ಯುತ್ ಪ್ರವಾಹವೂ ಏರಿಳಿಯುತ್ತದೆ, ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಮಾತು ಕೇಳುತ್ತದೆ. ಪಿಯುಸಿಯಲ್ಲಿ ಓದುವ ದ್ಯುತಿವಿದ್ಯುತ್ ಪರಿಣಾಮ ಇದೇ. ಪಾಠ ಚಿಕ್ಕದು, ಅದರ ಖರ್ಚು ದೊಡ್ಡದು. ಶಬ್ದ ನುಸುಳದ ಗೋಡೆಗಳು, ಅದರೊಳಗೆ ಬಿಸಿಲಿಲ್ಲವಾದ್ದರಿಂದ ದೊಡ್ಡ ವಿದ್ಯುದ್ದೀಪಗಳು, ಧ್ವನಿಮುದ್ರಣ ಯಂತ್ರ, ಅದನ್ನು ಬಲ್ಲ ತಂತ್ರಜ್ಞರು ಎಲ್ಲವೂ ಬೇಕು. ಮೂಕಿಗೆಂದು ಹಾಕಿದ ಬಂಡವಾಳ ಒಂದೆರಡು ವರ್ಷಗಳಲ್ಲೇ ಹಳತಾಯಿತು. ವೀರಣ್ಣನವರ ಮೂಕಿ ಸಾಹಸ ಅಲ್ಲಿಗೆ ನಿಂತಿತು.

ಇನ್ನೊಂದು ಪೆಟ್ಟು ಹಣದ್ದಲ್ಲ, ಭೂಪಟದ್ದು. ಟಾಕಿಗೆ ಭಾಷೆ ಬಂದ ಕೂಡಲೇ ಮಾರುಕಟ್ಟೆ ಭಾಷೆಯಷ್ಟೇ ಅಗಲವಾಯಿತು. ಕನ್ನಡಿಗರಾದರೋ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದ್, ಕೊಡಗು, ಮದ್ರಾಸ್ ಎಂದು ಹಂಚಿಹೋಗಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯೆಲ್ಲ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಇಲ್ಲಿನ ಮನೆಗಳಲ್ಲಿ ಕನ್ನಡ, ಪಕ್ಕದ ಸಂತೆಯಲ್ಲಿ ತೆಲುಗು, ಸರ್ಕಾರ ಮದ್ರಾಸಿನಲ್ಲಿ. ಇಷ್ಟು ಚೂರಾದ ಜನರನ್ನು ನಂಬಿ ಬೆಂಗಳೂರಿನಲ್ಲಿ ಟಾಕಿ ಸ್ಟುಡಿಯೊ ಕಟ್ಟಲು ಹಣ ಹಾಕುವವರು ಯಾರು? ತಯಾರಕರು ಹೊರಗೆ ಹೋದರು. 1934ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಅದರಲ್ಲಿ ನಟಿಸಿದ ಆರ್. ನಾಗೇಂದ್ರರಾಯರು ಈ ಸೀಮೆಗೆ ನೆರೆಯವರೇ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯವರು.

ವೀರಣ್ಣನವರು ಸೋತು ಕೂತವರಲ್ಲ. ಅವರ ಜಾಣ್ಮೆ ಕಾಣುವುದು ಇಲ್ಲಿಯೇ. ನಾಟಕದ ಕಂಪನಿಯನ್ನು ಅವರು ಬಿಟ್ಟಿರಲಿಲ್ಲ. ಸಿನಿಮಾದಲ್ಲಿ ಕೈ ಸುಟ್ಟುಕೊಂಡರೂ ಅಡುಗೆ ಮನೆಯ ಒಲೆ ಉರಿಸುತ್ತಿದ್ದುದು ರಂಗಭೂಮಿ. ಗೋಡೆ, ಯಂತ್ರಗಳನ್ನು ಇನ್ನೊಬ್ಬರಿಂದ ಬಾಡಿಗೆಗೆ ಪಡೆಯಬಹುದು, ಕಥೆ ಮತ್ತು ಕಲಾವಿದರು ತಮ್ಮಲ್ಲಿದ್ದರಾಯಿತು ಎಂಬುದು ಅವರ ಮುಂದಿನ ನಡೆಗಳಿಂದ ತಿಳಿಯುತ್ತದೆ. ಕಂಪನಿಯ ಜನಪ್ರಿಯ ನಾಟಕ 'ಸದಾರಮೆ' 1935ರಲ್ಲಿ ಟಾಕಿಯಾಯಿತು. 1941ರಲ್ಲಿ 'ಸುಭದ್ರಾ' ಬಂತು. 1942ರ 'ಜೀವನ ನಾಟಕ'ಕ್ಕೆ ಅ.ನ.ಕೃ. ಬರೆದರು. ಕೆಂಪರಾಜ್ ಅರಸ್, ಶಾಂತಾ ಹುಬ್ಳೀಕರ್ ಅದರಲ್ಲಿದ್ದರು. ಪುರಾಣದ ಕಥೆಗಳೇ ತುಂಬಿದ್ದ ಕಾಲದಲ್ಲಿ ಅದು ಸಾಮಾಜಿಕ ಚಿತ್ರ, ಕುಡಿತದ ಕೇಡನ್ನು ತೋರಿಸಿದ ಚಿತ್ರ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಕಚ್ಚಾ ಫಿಲ್ಮಿಗೆ ಬರ ಬಂದು, ಕಥಾಚಿತ್ರ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟಳೆ ಮಾಡಿತು. ನಿಮಿಷಕ್ಕೆ 90 ಅಡಿಯಂತೆ ಭಾಗಿಸಿದರೆ ಎರಡು ಗಂಟೆಯ ಮೇಲೆ ಎರಡು ನಿಮಿಷ. ಇಡೀ ರಾತ್ರಿ ನಾಟಕ ಆಡಿಸಿ ಅಭ್ಯಾಸವಿದ್ದವರಿಗೆ ಈ ಅಳತೆ ಹೇಗೆ ಕಂಡಿರಬೇಕೋ!

ಯುದ್ಧ ಮುಗಿದ ಮೇಲೆ, 1946ರಲ್ಲಿ 'ಹೇಮರೆಡ್ಡಿ ಮಲ್ಲಮ್ಮ' ಬಂತು. ಜಯಮ್ಮ, ಹೊನ್ನಪ್ಪ ಭಾಗವತರ್ ನಟಿಸಿದ ಈ ಚಿತ್ರವನ್ನು ಜನ ಮೆಚ್ಚಿದರು. ಶ್ರೀಶೈಲದ ಮಲ್ಲಿಕಾರ್ಜುನನನ್ನು ನಂಬಿ ಅತ್ತೆಮನೆಯ ಕಷ್ಟಗಳನ್ನು ಸಹಿಸಿದ ಮಲ್ಲಮ್ಮನ ಕಥೆ ಬಳ್ಳಾರಿ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಾದದ್ದಲ್ಲ. ಸಂಸ್ಥಾನ, ಪ್ರಾಂತಗಳ ಗಡಿ ದಾಟುವ ಕಥೆ ಯಾವುದೆಂದು ಊರೂರು ತಿರುಗಿದ ಕಂಪನಿಯ ಮಾಲೀಕನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಮುಂದಿನ ಹೆಜ್ಜೆ ಮದ್ರಾಸಿನ ಎ.ವಿ.ಎಂ. ಸ್ಟುಡಿಯೊ ಜೊತೆಗಿನ ಪಾಲುದಾರಿಕೆ. ಎ.ವಿ. ಮೇಯಪ್ಪನ್ ಅವರಲ್ಲಿ ಮೂಕಿ ಕಾಲದ ವೀರಣ್ಣನವರಿಗೆ ಸಿಗದಿದ್ದ ಎಲ್ಲವೂ ಇತ್ತು. ಎಚ್.ಎಲ್.ಎನ್. ಸಿಂಹ ನಿರ್ದೇಶನದಲ್ಲಿ 1953ರಲ್ಲಿ 'ಗುಣಸಾಗರಿ', 1954ರಲ್ಲಿ 'ಬೇಡರ ಕಣ್ಣಪ್ಪ' ತಯಾರಾದವು. ಭಾಷೆಯಿಂದ ಕಿರಿದಾದ ಮಾರುಕಟ್ಟೆಗೆ ಇಲ್ಲೊಂದು ಉಪಾಯವಿತ್ತು: ಒಂದೇ ಕಥೆಯನ್ನು ಇನ್ನೊಂದು ಭಾಷೆಯಲ್ಲಿಯೂ ತೆಗೆಯುವುದು. ಕಣ್ಣಪ್ಪನ ಕಥೆ ಅದೇ ವರ್ಷ 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲಿ ಬಂತು.

ಎ.ವಿ.ಎಂ. ಕೊಟ್ಟದ್ದು ಫ್ಲೋರು, ಕ್ಯಾಮೆರಾ, ಧ್ವನಿಯಂತ್ರ. ಗುಬ್ಬಿ ಕಂಪನಿ ಕೊಟ್ಟದ್ದು ಜನ. ಕಣ್ಣಪ್ಪನ ಪಾತ್ರ ಮಾಡಿದ ಮುತ್ತುರಾಜ್, ಇದೇ ಕಂಪನಿಯ ಕಲಾವಿದರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಹೆಚ್ಚು ಓದದೆ, ತಂದೆಯ ಬೆನ್ನಿಗೆ ಕಂಪನಿ ಸೇರಿ, ಮಾತು, ಹಾಡು, ನಿಲುವು ಕಲಿತ ಈ ಯುವಕ ಚಿತ್ರದಿಂದ ರಾಜ್‌ಕುಮಾರ್ ಆದರು. ನರಸಿಂಹರಾಜು ಅವರ ಮೊದಲ ಚಿತ್ರವೂ ಅದೇ. ಜಿ.ವಿ. ಅಯ್ಯರ್ ಅವರೂ ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದವರು. ಮಕ್ಕಳು ಸಿನಿಮಾ ಸೇರುತ್ತೇವೆ ಎಂದಾಗ ಗಾಬರಿಯಾಗುವ ತಂದೆತಾಯಿಗಳು ಒಂದನ್ನು ಗಮನಿಸಬಹುದು: ಇವರಲ್ಲಿ ಯಾರೂ ನೇರವಾಗಿ ಕ್ಯಾಮೆರಾ ಎದುರು ಹೋಗಿ ನಿಂತವರಲ್ಲ. ಅದಕ್ಕೆ ಮುಂಚೆ ವರ್ಷಗಟ್ಟಲೆ ಪೆಟ್ಟಿಗೆ ಹೊತ್ತು, ಚಿಕ್ಕಪುಟ್ಟ ಪಾತ್ರ ಮಾಡಿದವರು.

ಇನ್ನೊಂದು ಸಂಗತಿ. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. 'ಬೇಡರ ಕಣ್ಣಪ್ಪ' ತೆರೆಗೆ ಬಂದದ್ದು ಮುಂದಿನ ವರ್ಷ. ಚೂರಾಗಿದ್ದ ಮಾರುಕಟ್ಟೆ ಒಂದಾಗತೊಡಗಿತ್ತು. 1956ರ ಏಕೀಕರಣದೊಂದಿಗೆ ಉಳಿದ ಚೂರುಗಳೂ ಬಹುಪಾಲು ಕೂಡಿದವು. ಆದರೂ ಕನ್ನಡ ಚಿತ್ರಗಳು ಮದ್ರಾಸಿನಿಂದ ಬಿಡಿಸಿಕೊಂಡು ಬರಲು ಬಹಳ ಕಾಲ ಹಿಡಿಯಿತು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೊ ಆರಂಭವಾದದ್ದು 1966ರಲ್ಲಿ. ವೀರಣ್ಣನವರ ಮೂಕಿ ಸಾಹಸ ನಿಂತು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು, ಅವರಿಗೆ ಆಗ 75. ಪದ್ಮಶ್ರೀ ಬಂದ 1972ರಲ್ಲಿಯೇ, ಅಕ್ಟೋಬರ್ ತಿಂಗಳಿನಲ್ಲಿ ಅವರು ತೀರಿಕೊಂಡರು. ಅವರ ಕಣ್ಣಪ್ಪ ರಾಜ್‌ಕುಮಾರ್ 2006ರಲ್ಲಿ ನಿಧನರಾದಾಗ, ಅಂತ್ಯಕ್ರಿಯೆ ನಡೆದದ್ದು ಅದೇ ಕಂಠೀರವ ಸ್ಟುಡಿಯೊದ ಅಂಗಳದಲ್ಲಿ.